ಓಡುವವರೆಗೆ ಮಾತ್ರ ಪ್ರಜೆ: ದೇಶ ಬದಲಿಸುವ ಓಟಗಾರರು ಮತ್ತು ಗಲ್ಫ್‌ನ ಪಾಸ್‌ಪೋರ್ಟ್

2023ರ ಸೆಪ್ಟೆಂಬರ್ 30ರ ಸಂಜೆ. ಉಪ್ಪಳದ ಒಂದು ಚಾ ಅಂಗಡಿಯ ಟಿವಿಯಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ 10,000 ಮೀಟರ್ ಓಟ ಬರುತ್ತಿತ್ತು. 25 ಸುತ್ತು. ಕೊನೆಯ ಸುತ್ತಿನಲ್ಲಿ ನಮ್ಮ ಕಾರ್ತಿಕ್ ಕುಮಾರ್ ಮತ್ತು ಗುಲ್ವೀರ್ ಸಿಂಗ್ ಇಬ್ಬರೂ ಮುಂದಿನ ಸಾಲಿನಲ್ಲೇ ಇದ್ದರು. ಅಂಗಡಿಯಲ್ಲಿದ್ದವರೆಲ್ಲ ಗ್ಲಾಸು ಕೆಳಗಿಟ್ಟು ಎದ್ದು ನಿಂತೆವು. ಆದರೆ ಮೊದಲು ಗೆರೆ ದಾಟಿದ್ದು ಬಹರೈನ್‌ನ ಬಿರ್ಹಾನು ಬಲೇವ್. ಕಾರ್ತಿಕ್‌ಗೆ ಬೆಳ್ಳಿ, ಗುಲ್ವೀರ್‌ಗೆ ಕಂಚು. ಚಿನ್ನಕ್ಕೂ ಬೆಳ್ಳಿಗೂ ಎರಡು ಸೆಕೆಂಡಿನ ಅಂತರವೂ ಇರಲಿಲ್ಲ.

ನನ್ನ ಪಕ್ಕದಲ್ಲಿ ಕೂತಿದ್ದ ಕಾಕ ಒಬ್ಬರು ಮನಾಮದಲ್ಲಿ 27 ವರ್ಷ ಕೋಲ್ಡ್ ಸ್ಟೋರ್‌ನಲ್ಲಿ ದುಡಿದು ಊರಿಗೆ ಬಂದವರು. ಟಿವಿಯಲ್ಲಿ ಕೆಂಪು-ಬಿಳಿ ಬಾವುಟ ಹೊದ್ದವನನ್ನು ದಿಟ್ಟಿಸಿ ನೋಡಿದರು. "ಇವ ಎಲ್ಲಿಯ ಬಹರೈನಿ ಮೋನೆ? ಇವ ಹಬಶಿ ಅಲ್ವಾ?" ಎಂದರು. ಇಥಿಯೋಪಿಯದಲ್ಲಿ ಹುಟ್ಟಿದವರು, ಬಹರೈನ್ ಪಾಸ್‌ಪೋರ್ಟ್ ಕೊಟ್ಟಿದೆ ಅಂತ ಹೇಳಿದೆ. ಕಾಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "27 ವರ್ಷ ಎರಡೆರಡು ವರ್ಷಕ್ಕೆ ನನ್ನ ವೀಸಾ ರಿನೀವಲ್ ಮಾಡಿಸಲಿಕ್ಕೆ ಕಫೀಲನ ಹಿಂದೆ ನಡೆದು ನನ್ನ ಚಪ್ಪಲಿ ಸವೆದಿದೆ. ಇವನಿಗೆ ಹೇಗೆ ಸಿಕ್ಕಿತು?"

ಕಾಕನ ಪ್ರಶ್ನೆ ತಮಾಷೆಯದ್ದಲ್ಲ. ಈ ವರ್ಷದ ಸೆಪ್ಟೆಂಬರ್ 19ರಿಂದ ಜಪಾನಿನ ಐಚಿ-ನಗೋಯಾದಲ್ಲಿ ಮತ್ತೆ ಏಷ್ಯನ್ ಗೇಮ್ಸ್ ಉಂಟು. ಮತ್ತೆ ನಾವು ಟಿವಿ ಮುಂದೆ ಕೂರುತ್ತೇವೆ. ಮತ್ತೆ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ "ಬಾಡಿಗೆ ಓಟಗಾರರು" ಅಂತ ಬೈಗುಳ, ಇನ್ನೊಂದು ಕಡೆಯಿಂದ "ನಮ್ಮವರು ಗೆದ್ದರು" ಅಂತ ಚಪ್ಪಾಳೆ. ಎರಡೂ ಅವಸರದ್ದು ಎಂದು ನನ್ನ ಅನಿಸಿಕೆ.

ಮೊದಲು ಕಾನೂನು ನೋಡೋಣ. ಬಹರೈನ್‌ನ 1963ರ ಪೌರತ್ವ ಕಾಯ್ದೆ ಪ್ರಕಾರ ಅರಬ್ಬನಲ್ಲದ ವಿದೇಶಿಯೊಬ್ಬ ಅಲ್ಲಿಯ ಪೌರನಾಗಬೇಕಾದರೆ 25 ವರ್ಷ ಸತತವಾಗಿ ಅಲ್ಲಿ ವಾಸವಿರಬೇಕು. ಅರಬ್ಬನಾದರೆ 15 ವರ್ಷ. ಅರಬಿ ಚೆನ್ನಾಗಿ ಗೊತ್ತಿರಬೇಕು, ಸ್ವಂತ ಹೆಸರಿನಲ್ಲಿ ಅಲ್ಲಿ ಸ್ಥಿರಾಸ್ತಿ ಇರಬೇಕು. ಕೋಲ್ಡ್ ಸ್ಟೋರ್‌ನ ಮೇಲಿನ ಕೋಣೆಯಲ್ಲಿ ಆರು ಜನ ಸೇರಿ ಮಲಗುವವನಿಗೆ ಸ್ಥಿರಾಸ್ತಿ ಎಲ್ಲಿಂದ? ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಬಾಗಿಲು ಉಂಟು. ದೊರೆಯ ಅಪ್ಪಣೆಯಿಂದ ಪೌರತ್ವ ಕೊಡಬಹುದು. ಓಟಗಾರರು ಒಳಗೆ ಹೋಗುವುದು ಈ ಬಾಗಿಲಿನಿಂದ. ಖತರ್‌ನಲ್ಲೂ ಸಾಮಾನ್ಯರಿಗೆ 25 ವರ್ಷದ ಷರತ್ತು.

ನಮ್ಮ ಕಾಕನವರಿಗೆ ಆ ಪಾಸ್‌ಪೋರ್ಟ್ ಬೇಕಾಗಿತ್ತು ಅಂತ ಅಲ್ಲ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಉಪ್ಪಳದ ಮನೆ, ಮಸೀದಿ, ಖಬರ್‌ಸ್ಥಾನ ಬಿಟ್ಟು ಬಹರೈನಿಯಾಗಲು ಅವರೂ ತಯಾರಿರಲಿಲ್ಲ. ಬಾಗಿಲು ಯಾರಿಗೆ ತೆರೆಯುತ್ತದೆ, ಯಾಕೆ ತೆರೆಯುತ್ತದೆ ಎಂಬುದು ಮಾತ್ರ ಅವರ ತಕರಾರು.

ಭಾರತದ ಓಟಗಾರರಿಗೆ ಇದು ಹಳೆಯ ಗಾಯ. 2010ರ ಗುವಾಂಗ್‌ಝೌನಲ್ಲಿ ಕೇರಳದ ಪ್ರೀಜಾ ಶ್ರೀಧರನ್ 10,000 ಮೀಟರ್ ಚಿನ್ನ ಗೆದ್ದರು. ಅದೇ ಪ್ರೀಜಾ 5,000 ಮೀಟರ್‌ನಲ್ಲಿ ಅರ್ಧ ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಚಿನ್ನ ಕಳೆದುಕೊಂಡರು. ಗೆದ್ದವರು ಇಥಿಯೋಪಿಯದಲ್ಲಿ ಹುಟ್ಟಿ ಬಹರೈನ್ ಪರ ಓಡುತ್ತಿದ್ದ ಮಿಮಿ ಬೆಲೆಟೆ. 2014ರ ಇಂಚಿಯಾನ್‌ನ 1,500 ಮೀಟರ್‌ನಲ್ಲಿ ವಯನಾಡಿನ ಒ.ಪಿ. ಜೈಶಾಗೆ ಕಂಚು, ಮುಂದಿದ್ದ ಇಬ್ಬರೂ ಇಥಿಯೋಪಿಯ ಮೂಲದ ಬಹರೈನ್ ಓಟಗಾರ್ತಿಯರು. 2018ರ ಜಕಾರ್ತದಲ್ಲಿ ಪಾಲಕ್ಕಾಡಿನ ಪಿ.ಯು. ಚಿತ್ರಾಗೂ ಅದೇ ಓಟ, ಅದೇ ಕಂಚು, ಮುಂದೆ ಅದೇ ದೇಶದ ಇಬ್ಬರು. ಹಾಂಗ್‌ಝೌನಲ್ಲಿ ಕೀನ್ಯಾದಲ್ಲಿ ಹುಟ್ಟಿದ ವಿನ್‌ಫ್ರೆಡ್ ಯಾವಿ ಸ್ಟೀಪಲ್‌ಚೇಸ್ ಮತ್ತು 1,500 ಮೀಟರ್ ಎರಡರಲ್ಲೂ ಚಿನ್ನ ಗೆದ್ದರು. ಎರಡರಲ್ಲೂ ಬೆಳ್ಳಿ ಬಂದದ್ದು ಭಾರತಕ್ಕೆ.

ಹೊಲಕ್ಕೆ, ಕೂಲಿಗೆ ಹೋಗುವ ಮನೆಯಿಂದ ಬಂದು, ರೈಲ್ವೆಯಲ್ಲೋ ಪೊಲೀಸಿನಲ್ಲೋ ಒಂದು ನೌಕರಿ ಸಿಗಲಿ ಎಂದು ಓಡುವ ನಮ್ಮ ಹುಡುಗಿಯರಿಗೆ ಚಿನ್ನಕ್ಕೂ ಕಂಚಿಗೂ ಇರುವ ವ್ಯತ್ಯಾಸ ಅಂದರೆ ಲಕ್ಷಗಟ್ಟಲೆ ರೂಪಾಯಿ, ಕೆಲಸದಲ್ಲಿ ಬಡ್ತಿ, ಕೆಲವೊಮ್ಮೆ ಒಂದು ಮನೆ. ಆದ್ದರಿಂದ ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟು ಯಾರ ಮೇಲೆ ಬೀಳಬೇಕು?

ಇದಕ್ಕೆ ಒಬ್ಬ ಓಟಗಾರನ ಕಥೆ ಪೂರ್ತಿ ಹೇಳಬೇಕು. ಹೆಸರು ಸ್ಟೀಫನ್ ಚೆರೊನೊ. ಕೀನ್ಯಾದ ಕೆಯೊ ಜಿಲ್ಲೆಯವರು. ಆ ಬೆಟ್ಟದ ಅಂಚಿನ ಇಟೆನ್ ಪೇಟೆ ಸಮುದ್ರಮಟ್ಟದಿಂದ 2,400 ಮೀಟರ್ ಎತ್ತರದಲ್ಲಿದೆ, ಪ್ರಪಂಚದ ಅರ್ಧ ಓಟಗಾರರು ಅಲ್ಲಿಗೆ ಹೋಗಿ ತಯಾರಾಗುತ್ತಾರೆ. ಚೆರೊನೊ ಅವರ ಅಣ್ಣ ಕ್ರಿಸ್ಟೋಫರ್ ಕೋಸ್ಗೆ 1999ರಲ್ಲಿ ಸ್ಟೀಪಲ್‌ಚೇಸ್ ವಿಶ್ವ ಚಾಂಪಿಯನ್. ಸ್ಟೀಪಲ್‌ಚೇಸ್ ಅಂದರೆ ಅಡ್ಡಕಟ್ಟೆ ಮತ್ತು ನೀರುಗುಂಡಿ ಹಾರುತ್ತಾ 3,000 ಮೀಟರ್ ಓಡುವ ಸ್ಪರ್ಧೆ. ಕೀನ್ಯಾದವರಿಗೆ ಇದು ನಮಗೆ ಹಾಕಿ ಇದ್ದ ಹಾಗೆ, ಅಲ್ಲ, ಅದಕ್ಕಿಂತಲೂ ಹೆಚ್ಚು. 1968ರಿಂದ 2016ರವರೆಗೆ ಕೀನ್ಯಾ ಭಾಗವಹಿಸಿದ ಪ್ರತಿ ಒಲಿಂಪಿಕ್ಸ್‌ನಲ್ಲೂ ಪುರುಷರ ಸ್ಟೀಪಲ್‌ಚೇಸ್ ಚಿನ್ನ ಆ ದೇಶಕ್ಕೇ ಹೋಗಿದೆ.

ಚೆರೊನೊ 2002ರಲ್ಲಿ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕೀನ್ಯಾಗೆ ಚಿನ್ನ ತಂದರು. ಮರುವರ್ಷ ಆಗಸ್ಟ್‌ನಲ್ಲಿ ಅವರು ಖತರ್‌ನ ಪ್ರಜೆ. ಹೆಸರು ಸೈಫ್ ಸಯೀದ್ ಶಾಹೀನ್. ಜೀವಮಾನವಿಡೀ ತಿಂಗಳಿಗೆ ಸಾವಿರ ಡಾಲರ್ ಸಿಗುವ ಒಪ್ಪಂದ ಅಂತ ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅದೇ ತಿಂಗಳು ಪ್ಯಾರಿಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಅವರು ಕೀನ್ಯಾದ ಇಝೆಕಿಯಲ್ ಕೆಂಬೋಯಿಯನ್ನು ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಸೋಲಿಸಿ ಖತರ್‌ಗೆ ಚಿನ್ನ ಗೆದ್ದರು. ಅದೇ ಫೈನಲ್‌ನಲ್ಲಿ ಅವರ ಸ್ವಂತ ಸಹೋದರ ಅಬ್ರಹಾಂ ಚೆರೊನೊ ಕೀನ್ಯಾದ ಬನಿಯನ್ ಹಾಕಿ ಓಡುತ್ತಿದ್ದರು. ಒಂದೇ ಮನೆ, ಒಂದೇ ಟ್ರ್ಯಾಕ್, ಎರಡು ಬಾವುಟ.

ಕೀನ್ಯಾದ ಸಿಟ್ಟು ಮುಂದಿನ ವರ್ಷ ಕಾಣಿಸಿತು. ದೇಶ ಬದಲಿಸಿದವರು ಮೂರು ವರ್ಷ ಕಾಯಬೇಕು, ಹಳೆಯ ದೇಶ ಒಪ್ಪಿದರೆ ಮಾತ್ರ ಆ ಅವಧಿ ಕಡಿಮೆಯಾಗುತ್ತದೆ ಎಂಬುದು ಒಲಿಂಪಿಕ್ಸ್ ನಿಯಮ. ಕೀನ್ಯಾ ಒಪ್ಪಲಿಲ್ಲ. 2004ರ ಅಥೆನ್ಸ್‌ನಲ್ಲಿ ಶಾಹೀನ್ ಇಲ್ಲ. ಚಿನ್ನ, ಬೆಳ್ಳಿ, ಕಂಚು ಮೂರೂ ಕೀನ್ಯಾದವರಿಗೆ. ಒಲಿಂಪಿಕ್ಸ್ ಮುಗಿದು ಒಂದು ವಾರವೂ ಆಗಿರಲಿಲ್ಲ, ಸೆಪ್ಟೆಂಬರ್ 3ರಂದು ಬ್ರಸೆಲ್ಸ್‌ನಲ್ಲಿ ಶಾಹೀನ್ 7 ನಿಮಿಷ 53.63 ಸೆಕೆಂಡಿನಲ್ಲಿ ಓಡಿ ವಿಶ್ವ ದಾಖಲೆ ಮಾಡಿದರು. ಆ ದಾಖಲೆ 2023ರ ಜೂನ್‌ವರೆಗೆ, ಅಂದರೆ ಹತ್ತಿರ ಹತ್ತಿರ 19 ವರ್ಷ ಯಾರೂ ಮುಟ್ಟಲಿಲ್ಲ. 2008ರಲ್ಲಿ ಗಾಯವಾಗಿ ಬೀಜಿಂಗ್ ಕೂಡ ತಪ್ಪಿತು. ಅಷ್ಟು ದೊಡ್ಡ ಓಟಗಾರ ಒಂದೇ ಒಂದು ಒಲಿಂಪಿಕ್ಸ್ ಓಡಲಿಲ್ಲ.

ಅವರು ಯಾಕೆ ಹೋದರು? ದುಡ್ಡಿಗೆ ಅಂತ ಒಂದೇ ಮಾತಿನಲ್ಲಿ ಮುಗಿಸಬಹುದು. ಆದರೆ ಲೆಕ್ಕ ನೋಡಿ. ಒಲಿಂಪಿಕ್ಸ್‌ನಲ್ಲಿ ಒಂದು ಸ್ಪರ್ಧೆಗೆ ಒಂದು ದೇಶದಿಂದ ಹೆಚ್ಚೆಂದರೆ ಮೂವರು. ಕೀನ್ಯಾದಲ್ಲಿ ನಾಲ್ಕನೆಯ ಸ್ಥಾನ ಬಂದವನು ಬೇರೆ ಯಾವ ದೇಶದಲ್ಲಿ ಹುಟ್ಟಿದ್ದರೂ ಚಾಂಪಿಯನ್ ಆಗುತ್ತಿದ್ದ. ವಿನ್‌ಫ್ರೆಡ್ ಯಾವಿ ಹದಿಹರೆಯದಲ್ಲಿ ಕೀನ್ಯಾ ಬಿಟ್ಟರು, ಅಲ್ಲಿ ಅವಕಾಶ ಸಿಗಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ಅದೇ ಯಾವಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 8:52.76ರ ಒಲಿಂಪಿಕ್ ದಾಖಲೆಯೊಂದಿಗೆ ಚಿನ್ನ ಗೆದ್ದರು. ಓಟಗಾರನ ಕಾಲಿಗೆ ಇರುವ ಆಯುಷ್ಯ ಹೆಚ್ಚೆಂದರೆ ಹತ್ತು ಹದಿನೈದು ವರ್ಷ. ಆ ವರ್ಷಗಳಲ್ಲಿ ದುಡಿದದ್ದರಲ್ಲೇ ಅಪ್ಪ-ಅಮ್ಮನಿಗೆ ಮನೆ, ತಮ್ಮಂದಿರ ಶಾಲೆ, ಹೊಲ ಎಲ್ಲ ಆಗಬೇಕು.

ಈ ಲೆಕ್ಕ ಬ್ಯಾರಿಗಳಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಮಂಜೇಶ್ವರ, ಕುಂಬಳೆ, ಉಳ್ಳಾಲ, ಬಜಪೆಯ ಎಷ್ಟು ಮನೆಗಳ ಗೋಡೆ ಎದ್ದದ್ದು ಇದೇ ಲೆಕ್ಕದಿಂದ? ಊರಲ್ಲಿ ಕೆಲಸ ಇಲ್ಲ ಅಂತ ಜಿದ್ದಾಗೆ, ದುಬೈಗೆ ಹೋದವನನ್ನು ನಾವು ದೇಶದ್ರೋಹಿ ಅನ್ನುವುದಿಲ್ಲ. ಅವನು ಕಳಿಸಿದ ದುಡ್ಡಿನಿಂದ ಮದ್ರಸ ಕಟ್ಟುತ್ತೇವೆ. ಓಟಗಾರನೂ ವಲಸೆ ಕಾರ್ಮಿಕನೇ. ವ್ಯತ್ಯಾಸ ಏನೆಂದರೆ ಅವನು ಬಾವುಟ ಹೊದ್ದು ದುಡಿಯಬೇಕು, ಅದನ್ನು ಇಡೀ ಪ್ರಪಂಚ ನೋಡುತ್ತದೆ.

ಇಲ್ಲಿ ಒಂದು ಅಡ್ಡ ಮಾತು. ನಮ್ಮ ಯುವಕರ ಗ್ರೂಪುಗಳಲ್ಲಿ "ಸೈಫ್", "ಮರ್ಯಮ್" ಎಂಬ ಹೆಸರು ಕಂಡ ಕೂಡಲೇ ಮಾಶಾಅಲ್ಲಾಹ್ ಹಾಕುವ ರೂಢಿ ಉಂಟು. ಮರ್ಯಮ್ ಯೂಸುಫ್ ಜಮಾಲ್ ಹುಟ್ಟಿದ್ದು ಇಥಿಯೋಪಿಯದಲ್ಲಿ, ಝೆನೆಬೆಚ್ ತೊಲ ಎಂಬ ಹೆಸರಿನಲ್ಲಿ. ಅಲ್ಲಿಂದ ಸ್ವಿಟ್ಸರ್‌ಲೆಂಡ್‌ಗೆ ಹೋಗಿ ಆಶ್ರಯ ಕೇಳಿದರು, ಲೂಸಾನ್‌ನಲ್ಲಿ ತರಬೇತಿ ಮಾಡಿದರು. ಅಲ್ಲಿಯ ಪೌರತ್ವ ಸಿಗಲಿಲ್ಲ. 2005ರಲ್ಲಿ ಬಹರೈನ್ ಪಾಸ್‌ಪೋರ್ಟ್ ಕೊಟ್ಟಿತು, ಅದರ ಜೊತೆ ಹೊಸ ಹೆಸರು ಬಂತು. 2007 ಮತ್ತು 2009ರಲ್ಲಿ 1,500 ಮೀಟರ್ ವಿಶ್ವ ಚಾಂಪಿಯನ್ ಆದರು. ಒಬ್ಬರ ಈಮಾನ್ ಅವರ ಮತ್ತು ಅಲ್ಲಾಹನ ನಡುವಿನ ವಿಷಯ, ಅದರ ಬಗ್ಗೆ ಹೇಳಲಿಕ್ಕೆ ನಾವ್ಯಾರು? ಆದರೆ ಪಾಸ್‌ಪೋರ್ಟ್ ಅರ್ಜಿಯಲ್ಲಿ ಬರೆದ ಹೆಸರನ್ನು ನೋಡಿ ದೀನ್ ಗೆದ್ದಿತು ಅಂತ ಸಂಭ್ರಮಿಸುವುದು ದೀನ್‌ಗೆ ಗೌರವ ಅಲ್ಲ. ಇತ್ತೀಚೆಗೆ ಬಹರೈನ್‌ಗೇ ಅದು ಬೇಡವಾದಂತಿದೆ. ರುತ್ ಜೆಬೆಟ್, ವಿನ್‌ಫ್ರೆಡ್ ಯಾವಿ, ಬಿರ್ಹಾನು ಬಲೇವ್ ಎಲ್ಲ ತಮ್ಮ ಹುಟ್ಟು ಹೆಸರಿನಲ್ಲೇ ಓಡುತ್ತಿದ್ದಾರೆ. ಪದಕ ಬಂದರೆ ಸಾಕು.

ದೇಶ ಬದಲಿಸಿದವರೆಲ್ಲ ಒಂದೇ ಜಾತಿ ಅಲ್ಲ, ಇದನ್ನು ಬಿಡಿಸಿ ನೋಡಬೇಕು. ಸಿಫಾನ್ ಹಸನ್ 2008ರಲ್ಲಿ 15ನೇ ವಯಸ್ಸಿಗೆ ಇಥಿಯೋಪಿಯದಿಂದ ನೆದರ್‌ಲೆಂಡ್ಸ್‌ಗೆ ನಿರಾಶ್ರಿತೆಯಾಗಿ ಬಂದವರು. ಅಲ್ಲಿ ನರ್ಸಿಂಗ್ ಕಲಿಯುತ್ತಾ ಓಡಲು ಶುರು ಮಾಡಿದರು. ಪೌರತ್ವ ಸಿಕ್ಕಿದ್ದು 2013ರಲ್ಲಿ. ಬ್ರಿಟನ್‌ನ ಮೊ ಫರಾ ಬಾಲಕನಾಗಿದ್ದಾಗ ಬೇರೆಯವರ ಹೆಸರಿನ ದಾಖಲೆಯಲ್ಲಿ ಸಾಗಿಸಲ್ಪಟ್ಟವರು. ತನ್ನ ನಿಜ ಹೆಸರು ಹುಸೈನ್ ಅಬ್ದಿ ಕಾಹಿನ್ ಅಂತ 2022ರಲ್ಲಿ ಬಿಬಿಸಿಯಲ್ಲಿ ಹೇಳಿದಾಗ ಜಗತ್ತೇ ಬೆರಗಾಯಿತು. ಇವರನ್ನು ಯಾರೂ ಕೊಂಡುಕೊಂಡದ್ದಲ್ಲ. ಬರ್ನಾರ್ಡ್ ಲಗಾಟ್ ಅಮೆರಿಕಕ್ಕೆ ಓದಲು ಹೋಗಿ ಅಲ್ಲೇ ನೆಲೆಯಾದವರು. 2004ರ ಮೇಯಲ್ಲಿ ಅಮೆರಿಕದ ಪ್ರಜೆಯಾದರು, ಆಗಸ್ಟ್‌ನಲ್ಲಿ ಅಥೆನ್ಸ್‌ನಲ್ಲಿ ಕೀನ್ಯಾಗೆ ಬೆಳ್ಳಿ ತಂದರು! ಆಗ ಕೀನ್ಯಾದಲ್ಲಿ ಎರಡು ಪೌರತ್ವಕ್ಕೆ ಅವಕಾಶ ಇರಲಿಲ್ಲ, ವಿಷಯ ಗೊತ್ತಾದದ್ದು ಆಮೇಲೆ. 2007ರಲ್ಲಿ ಅದೇ ಲಗಾಟ್ ಅಮೆರಿಕಕ್ಕೆ 1,500 ಮತ್ತು 5,000 ಮೀಟರ್ ಎರಡೂ ವಿಶ್ವ ಚಿನ್ನ ಕೊಟ್ಟರು. ಅಮೆರಿಕ ಮಾಡಿದರೆ ವಲಸೆಗಾರರ ಕನಸು, ಅರಬರು ಮಾಡಿದರೆ ಖರೀದಿ ಎನ್ನುವ ಇಂಗ್ಲಿಷ್ ಪತ್ರಿಕೆಗಳ ಧಾಟಿಯಲ್ಲಿ ಸ್ವಲ್ಪ ತಾರತಮ್ಯ ಇದೆ, ಇಲ್ಲ ಅನ್ನಲಾಗದು.

ಸಿಫಾನ್ ಹಸನ್ 2024ರಲ್ಲಿ ಪ್ಯಾರಿಸ್ ಮ್ಯಾರಥಾನ್ ಗೆದ್ದು ಹಿಜಾಬ್ ಧರಿಸಿ ಚಿನ್ನ ಸ್ವೀಕರಿಸಿದ ಚಿತ್ರ ನಮ್ಮಲ್ಲಿ ಎಲ್ಲರ ಸ್ಟೇಟಸ್‌ನಲ್ಲೂ ಇತ್ತು. ಅದೇ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್‌ನದೇ ಓಟಗಾರ್ತಿ ಸುಂಕಂಬಾ ಸಿಲ್ಲಾ ಹಿಜಾಬ್ ಹಾಕುವಂತಿರಲಿಲ್ಲ, ಉದ್ಘಾಟನೆ ದಿನ ಟೊಪ್ಪಿ ಹಾಕಿಕೊಂಡು ಬರಬೇಕಾಯಿತು. ಹೊರಗಿನಿಂದ ಬಂದವಳಿಗೆ ಇದ್ದ ಸ್ವಾತಂತ್ರ್ಯ ಆ ನೆಲದ ಪ್ರಜೆಗೆ ಇರಲಿಲ್ಲ. 2022ರ ಉಡುಪಿಯನ್ನು ಕಂಡ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಗಲ್ಫ್ ಸರಕಾರಗಳು ಮಾಡುವುದರಲ್ಲಿ ತಪ್ಪೇ ಇಲ್ಲವಾ? ಉಂಟು, ದೊಡ್ಡದೇ ಉಂಟು. ಲಂಡನ್‌ಗೆ ಬಂದ ಮೊ ಫರಾಗೆ ಶಾಲೆ ಸಿಕ್ಕಿತು, ನೆರೆಹೊರೆ ಸಿಕ್ಕಿತು, ಆಮೇಲೆ ಬಾವುಟ ಸಿಕ್ಕಿತು. ಬಹರೈನ್‌ನ ಎಷ್ಟೋ ಓಟಗಾರರಿಗೆ ಮೊದಲು ಬಾವುಟ ಸಿಗುತ್ತದೆ. ಅವರ ತರಬೇತಿ, ಸಂಸಾರ, ವಾಸ ಎಲ್ಲ ಕೀನ್ಯಾ, ಇಥಿಯೋಪಿಯದಲ್ಲೇ. ಬಹರೈನ್‌ಗೆ ಅವರು ಹೋಗುವುದು ಅತಿಥಿಗಳ ಹಾಗೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಬಹರೈನ್ ಗೆದ್ದದ್ದು ಎರಡು ಪದಕ, ಸ್ಟೀಪಲ್‌ಚೇಸ್‌ನಲ್ಲಿ ರುತ್ ಜೆಬೆಟ್ ಚಿನ್ನ, ಮ್ಯಾರಥಾನ್‌ನಲ್ಲಿ ಯೂನಿಸ್ ಕಿರ್ವಾ ಬೆಳ್ಳಿ. ಇಬ್ಬರೂ ಕೀನ್ಯಾದಲ್ಲಿ ಹುಟ್ಟಿದವರು. ಜೆಬೆಟ್‌ಗೆ ಆಗ 19 ವರ್ಷ. ಮುಂದೆ ಇಬ್ಬರೂ ಇಪಿಒ ಎಂಬ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಸಿಕ್ಕಿಬಿದ್ದು ನಾಲ್ಕು ನಾಲ್ಕು ವರ್ಷ ನಿಷೇಧಕ್ಕೊಳಗಾದರು. ಮೊರಾಕ್ಕೊದಿಂದ ಬಂದ ರಶೀದ್ ರಂಝಿ 2008ರಲ್ಲಿ ಬೀಜಿಂಗ್‌ನಲ್ಲಿ ಗೆದ್ದ 1,500 ಮೀಟರ್ ಚಿನ್ನವನ್ನೇ ವಾಪಸ್ ಕೊಡಬೇಕಾಯಿತು. ಕೊನೆಗೆ ಆ ದೇಶದ ಅತ್ಲೆಟಿಕ್ಸ್ ಸಂಸ್ಥೆಯ ಮೇಲೆಯೇ ಕ್ರಮವಾಗಿ, 2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ಗೆ ಹತ್ತಕ್ಕಿಂತ ಹೆಚ್ಚು ಮಂದಿಯನ್ನು ಕಳಿಸುವಂತಿಲ್ಲ ಎಂದಾಯಿತು. ಪದಕ ಬೇಗ ಬೇಕು ಎನ್ನುವ ಸರಕಾರದ ಅವಸರದ ಬಿಲ್ಲು ಕೊನೆಗೆ ಹುಡುಗಿಯರ ಹೆಸರಿಗೆ ಬರುತ್ತದೆ.

ನಮ್ಮ ಜಿಲ್ಲೆಗೂ ಇದರ ಒಂದು ತುಣುಕು ಬಂದಿದೆ. 2018ರ ಜಕಾರ್ತ ಮಿಶ್ರ ರಿಲೇಯಲ್ಲಿ ಮಂಗಳೂರಿನ ಎಂ.ಆರ್. ಪೂವಮ್ಮ ಇದ್ದ ಭಾರತ ತಂಡ ಬಹರೈನ್‌ನ ಹಿಂದೆ ಎರಡನೆಯದಾಗಿ ಬಂತು. ಆಮೇಲೆ ಬಹರೈನ್ ತಂಡದ, ನೈಜೀರಿಯದಲ್ಲಿ ಹುಟ್ಟಿದ ಕೆಮಿ ಅಡೆಕೊಯ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, 2020ರಲ್ಲಿ ಆ ಬೆಳ್ಳಿ ಚಿನ್ನವಾಯಿತು. ವೇದಿಕೆ ಇಲ್ಲ, ರಾಷ್ಟ್ರಗೀತೆ ಇಲ್ಲ, ಎರಡು ವರ್ಷ ತಡವಾಗಿ ಬಂದ ಸುದ್ದಿ ಅಷ್ಟೇ. (ಮದ್ದಿನ ವಿಷಯದಲ್ಲಿ ಭಾರತದ ದಾಖಲೆಯೂ ಹೆಮ್ಮೆಪಡುವಂಥದ್ದಲ್ಲ. ಬೇರೆಯವರ ಕಡೆ ಬೆರಳು ತೋರಿಸುವಾಗ ಅದು ನೆನಪಿರಲಿ.)

ವಿಶ್ವ ಅತ್ಲೆಟಿಕ್ಸ್ ಸಂಸ್ಥೆ ತಡವಾಗಿಯಾದರೂ ಎಚ್ಚೆತ್ತಿದೆ. 2017ರ ಫೆಬ್ರವರಿಯಲ್ಲಿ ದೇಶ ಬದಲಾವಣೆಯನ್ನೇ ನಿಲ್ಲಿಸಿತು. ಮರುವರ್ಷ ಹೊಸ ನಿಯಮ ಬಂತು: ಮೂರು ವರ್ಷ ಕಾಯಬೇಕು, 20 ವರ್ಷ ತುಂಬಿರಬೇಕು, ಜೀವಮಾನದಲ್ಲಿ ಒಂದೇ ಸಲ, ಪ್ರತಿ ಅರ್ಜಿಯನ್ನೂ ಸಮಿತಿ ಪರಿಶೀಲಿಸುತ್ತದೆ. ಇದರಲ್ಲಿ ವಯಸ್ಸಿನ ಷರತ್ತೇ ಮುಖ್ಯ ಎಂದು ನನಗನಿಸುತ್ತದೆ. ಹದಿನಾರು ವರ್ಷದ ಹುಡುಗಿಯ ಕೈಯಲ್ಲಿ ದೇಶ ಬಿಡುವ ಕಾಗದಕ್ಕೆ ಸಹಿ ಹಾಕಿಸುವುದನ್ನು ಅದು ನಿಲ್ಲಿಸುತ್ತದೆ. ಆದರೆ ಈ ನಿಯಮಗಳೆಲ್ಲ ಓಟಗಾರ ಒಳಗೆ ಬರುವ ಬಾಗಿಲನ್ನು ಮಾತ್ರ ಕಾಯುತ್ತವೆ. ಹೊರಗೆ ಹಾಕುವ ಬಾಗಿಲಿಗೆ ಕಾವಲು ಇಲ್ಲ.

ಕಾಕ ಆ ದಿನ ಚಾ ಮುಗಿಸಿ ಏಳುವಾಗ ಕೇಳಿದ್ದೂ ಅದನ್ನೇ. "ಅವ ಓಡಿ ಮುಗಿದ ಮೇಲೆ ಅವನಿಗೂ ಕ್ಯಾನ್ಸಲ್ ಹೊಡೆಯುತ್ತಾರಾ?"

ಅವರಿಗೆ ಲಿಯೊನಾರ್ಡ್ ಮುಚೆರು ಕಥೆ ಹೇಳಿದೆ. ಕೀನ್ಯಾದವರು. ಬಹರೈನ್‌ಗೆ ಬಂದು ಮುಷೀರ್ ಸಾಲಿಂ ಜೌಹರ್ ಆದರು. ಕೀನ್ಯಾದಲ್ಲಿ ಎರಡು ಪೌರತ್ವಕ್ಕೆ ಆಗ ಅವಕಾಶ ಇಲ್ಲದ್ದರಿಂದ ಅವರ ಹಳೆಯ ಪೌರತ್ವ ಹೋಗಿತ್ತು. 2007ರ ಜನವರಿಯಲ್ಲಿ ಇಸ್ರೇಲ್‌ನ ಟೈಬೀರಿಯಸ್‌ಗೆ ಹೋಗಿ ಅಲ್ಲಿಯ ಮ್ಯಾರಥಾನ್ ಓಡಿದರು, ಗೆದ್ದರು. ಫೆಲೆಸ್ತೀನಿಗಳ ನೆಲದ ಪ್ರಶ್ನೆ ಇರುವಾಗ ಅಲ್ಲಿ ಹೋಗಿ ಓಡಿದ್ದು ತಪ್ಪು ಎಂದು ನಾನೂ ಹೇಳುತ್ತೇನೆ. ಓಟಗಾರನಿಗೆ ಅದನ್ನು ಯಾರಾದರೂ ಮೊದಲೇ ಕೂರಿಸಿ ತಿಳಿಹೇಳಬೇಕಿತ್ತು. ಬಹರೈನ್ ತಿಳಿಹೇಳಲಿಲ್ಲ, ನಿಷೇಧವನ್ನಷ್ಟೇ ಹಾಕಿ ಬಿಡಲಿಲ್ಲ. ಕೆಲವೇ ದಿನಗಳಲ್ಲಿ ಅವರ ಪೌರತ್ವವನ್ನೇ ರದ್ದು ಮಾಡುವುದಾಗಿ ಘೋಷಿಸಿತು. ದಾಖಲೆಯಿಂದ ಹೆಸರು ಅಳಿಸಲಾಯಿತು. ಇದು ವಿದೇಶದಿಂದ ಬಂದವರಿಗೆ ಮಾತ್ರ ಅಂತಲೂ ಅಲ್ಲ. 2012ರ ನಂತರ ಅಲ್ಲಿ ಹುಟ್ಟಿ ಬೆಳೆದ ನೂರಾರು ಮಂದಿಯ ಪೌರತ್ವ ಹೋಯಿತು, 2019ರಲ್ಲಿ ದೊರೆ ಒಂದೇ ಆದೇಶದಲ್ಲಿ 551 ಮಂದಿಗೆ ವಾಪಸ್ ಕೊಟ್ಟರು. ಕೊಡುವುದೂ ಒಂದು ಸಹಿ, ಕಿತ್ತುಕೊಳ್ಳುವುದೂ ಒಂದು ಸಹಿ.

ಮುಚೆರು ಆ ಮ್ಯಾರಥಾನ್ ಓಡಿ 13 ವರ್ಷವಾದ ಮೇಲೆ, 2020ರ ಸೆಪ್ಟೆಂಬರ್‌ನಲ್ಲಿ, ಬಹರೈನ್‌ನ ವಿದೇಶಾಂಗ ಸಚಿವರು ವಾಷಿಂಗ್ಟನ್‌ನಲ್ಲಿ ಇಸ್ರೇಲ್‌ನ ಪ್ರಧಾನಿ ಜೊತೆ ಕೂತು ಸಂಬಂಧ ಬೆಳೆಸುವ ಒಪ್ಪಂದಕ್ಕೆ ಸಹಿ ಹಾಕಿದರು. ಅವರ ಪೌರತ್ವ ಹೋಗಲಿಲ್ಲ.

ಕಾಕ ಎಲ್ಲ ಕೇಳಿದರು. ಚಪ್ಪಲಿ ಮೆಟ್ಟುತ್ತಾ ಹೇಳಿದರು: "ನನಗೆ ಕ್ಯಾನ್ಸಲ್ ಹೊಡೆಯುವಾಗ ಕಫೀಲ ಒಂದು ತಿಂಗಳ ನೋಟಿಸಾದರೂ ಕೊಟ್ಟಿದ್ದ ಮಾರಾಯ."